ರಬ್ಬರ್ ಹಾಸಿನ ಕೆಳಗಿನ ಹಗೇವು

ನಾನು ಶಾಂಭವಿ ಕೋಂ ಸಿದ್ಧಾರೂಢ ಹೆಬಸೂರ, ವಯಸ್ಸು 48 ವರ್ಷ, ವಿದ್ಯಾರ್ಹತೆ ಎಂ.ಎ. ಕನ್ನಡ, ಉದ್ಯೋಗ ಊರ ಗ್ರಂಥಾಲಯದ ಮೇಲ್ವಿಚಾರಕಿ, ಸಾ: ನಿಂಬಿಕೊಪ್ಪ, ತಾ: ನವಲಗುಂದ, ಜಿ: ಧಾರವಾಡ. ಈ ದಿವಸ ದಿನಾಂಕ 13-08-2025 ರಂದು ಬೆಳಿಗ್ಗೆ 11-20 ಗಂಟೆಗೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ:

ನಮ್ಮೂರ ಮಕ್ಕಳ ಉದ್ಯಾನದಲ್ಲಿ ದಿನಾಂಕ 10-08-2025 ರಂದು ನೆಲ ಕುಸಿದು ತಬಸುಮ್ ಎಂಬ 11 ವರ್ಷದ ಬಾಲಕಿ ತೀರಿಕೊಂಡಳು. ಆ ನೆಲಹಾಸು ಹಾಕಿದ ಗೌಂಡಿ ಹಾರೂನ್ ತಂದೆ ಹಸನಸಾಬ. ಆ ಬಾಲಕಿ ಅವರ ಮಗಳು. ಹಾರೂನ್ ಅವರ ಮೇಲೆ ನಿರ್ಲಕ್ಷ್ಯದ ದೂರು ಬಂದು, ಅವರನ್ನು ನಿನ್ನೆ ಬೆಳಿಗ್ಗೆಯಿಂದ ಇದೇ ಠಾಣೆಯಲ್ಲಿ ಇರಿಸಿಕೊಂಡಿದ್ದು ಇರುತ್ತದೆ. ಆ ನೆಲದ ಕೆಳಗೆ ಏನಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಉದ್ಯಾನದ ಜಾಗ ಹಳ್ಳದಿಂದ 140 ಮೀಟರ್ ದೂರದಲ್ಲಿದ್ದು, ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಒಂದೆರಡು ಸಲ ಹಳ್ಳದ ನೀರು ಅಲ್ಲಿ ನಿಲ್ಲುತ್ತದೆ. ಜಾಗ ಕೊಟ್ಟವರು ಈರಬಸಪ್ಪ ಹಳ್ಳದ, ವಯಸ್ಸು 52. ಉದ್ಯಾನ ಸಮಿತಿಗೆ ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಆಟದ ಅಂಗಳಕ್ಕೆ ಯಾವ ಹಾಸು ಹಾಕಬೇಕೆಂದು ವರದಿ ಬರೆಯುವ ಕೆಲಸವನ್ನು ಸಮಿತಿ ನನಗೆ ವಹಿಸಿತ್ತು.

ದಿನಾಂಕ 17-11-2024 ರಂದು ನಾನು ಗ್ರಂಥಾಲಯದ ಹಿಂದೆ ನಾಲ್ಕು ಅಡಿ ಉದ್ದಗಲದ ನಾಲ್ಕು ಮಡಿ ಮಾಡಿಸಿದೆ. ಒಂದರಲ್ಲಿ ಮರಳು, ಒಂದರಲ್ಲಿ ಗರಸು ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಒಂದರಲ್ಲಿ ಚಪ್ಪಟೆ ಪರಸಿ ಕಲ್ಲು, ಒಂದರಲ್ಲಿ ರಬ್ಬರ್ ಚೂರಿಗೆ ಅಂಟು ಕಲಸಿ ಹೊಯ್ದ ಹಾಸು. ಮಾಡಿಕೊಟ್ಟವರು ಹಾರೂನ್. ಪ್ರತಿಯೊಂದಕ್ಕೂ ಇಪ್ಪತ್ತು ಕೊಡ ನೀರು ಹೊಯ್ದೆವು. ಮರುದಿನ ಬೆಳಿಗ್ಗೆ 9 ಗಂಟೆಗೆ ಸಮಿತಿಯವರೆದುರು ತಬಸುಮ್‌ಳನ್ನು ಕರೆಸಿದೆ. ಅವಳಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲಿ ಇರುತ್ತಿದ್ದಳು. ಅಷ್ಟರಲ್ಲಿ ಮರಳು ಅರ್ಧ ತೊಳೆದು ಹೋಗಿತ್ತು. ಗರಸಿನಲ್ಲಿ ಅವಳ ಮುಂದಿನ ಗಾಲಿಗಳು ಮೂರು ಬೆರಳು ಹೂತವು. ಆಗ ಅವಳು, ಇದು ನಮ್ಮ ಎಮ್ಮಿ ಇದ್ದಂಗ ರೀ ಮೇಡಮ್, ಕೆಸರ ಕಂಡ್ರ ಕುಂತ ಬಿಡ್ತದ ಅಂತ ಅಂದಳು. ಎಲ್ಲರೂ ನಕ್ಕರು. ಪರಸಿಯ ಮೇಲೆ ಕುರ್ಚಿ ಓಡಿತು, ಆದರೆ ಅದರ ಮೇಲೆ ಮಗು ಬಿದ್ದರೆ ತಲೆ ಉಳಿಯುವುದಿಲ್ಲ. ರಬ್ಬರ್ ಮಡಿಯಲ್ಲಿ ನೀರು ಇಂಗಿಹೋಗಿತ್ತು. ಅಬ್ಬಾ, ಕೈ ಬಿಡು ಅಂತ ತಂದೆಗೆ ಹೇಳಿ, ಅಷ್ಟೇ ಸಣ್ಣ ಜಾಗದಲ್ಲಿ ಅವಳು ತಾನೇ ಮೂರು ಸುತ್ತು ತಿರುಗಿದಳು.

ಈರಬಸಪ್ಪನವರು, ಒಂದು ಕುರ್ಚಿ ಸಲುವಾಗಿ ಊರಿಗೆಲ್ಲಾ ಗಾದಿ ಹಾಸ್ತೀರೇನ್ರಿ ಮೇಡಮ್ಮರ, ಹುಡುಗರು ಬಿದ್ದು ಏಳಬೇಕು, ಏಳಾಕ ಆಗದಾಕಿ ಮನ್ಯಾಗ ಕುಂತು ನೋಡ್ಲಿ ಅಂತ ಅಂದರು. ತಬಸುಮ್ ಅಲ್ಲಿಯೇ ಇದ್ದಳು. ಅವಳು ಗಾಲಿಗೆ ಹತ್ತಿದ್ದ ಗರಸನ್ನು ಉಗುರಿನಿಂದ ಕೆರೆಯುತ್ತ ಕೂತಳು. ಹಾರೂನ್, ಹೌದ್ರಿ ಸಾವ್ಕಾರ್ರ ಅಂತ ಅಂದರು. ಅದೇ ಗಳಿಗೆಯಲ್ಲಿ ನಾನು ಏನಾದರೂ ಆಗಲಿ ರಬ್ಬರನ್ನೇ ಹಾಕಿಸುವುದೆಂದು ನಿರ್ಧರಿಸಿದೆ. ಈ ಮಾತು ಬೇಕೇ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಬೇಕು ಎಂದಿದ್ದೇನೆ.

ಜನವರಿಯಲ್ಲಿ ವರದಿಗೆ ಒಪ್ಪಿಗೆ ಸಿಕ್ಕಿತು. ಕೆಲಸ ಮಾರ್ಚ್ 31ರೊಳಗೆ ಮುಗಿಯಬೇಕು, ಇಲ್ಲವಾದರೆ ಸರ್ಕಾರದ ಅನುದಾನ ವಾಪಸ್ಸಾಗಿ ಊರಿನವರೇ ಗರಸು ಹಾಕಿಕೊಳ್ಳಬೇಕು ಎಂಬ ಷರತ್ತು ಇತ್ತು.

ದಿನಾಂಕ 02-02-2025 ರಂದು ಸಾಯಂಕಾಲ 4 ಗಂಟೆಗೆ ಭೂಮಿಪೂಜೆಗೆ ಕರೆಯಲು ಈರಬಸಪ್ಪನವರ ಮನೆಗೆ ಹೋದೆ. ಅವರು ಇರಲಿಲ್ಲ. ಅವರ ತಾಯಿ ಗೌರಕ್ಕ, ವಯಸ್ಸು 84, ಪಡಸಾಲೆಯಲ್ಲಿ ಕಡಲೆ ಸುಲಿಯುತ್ತ ಕೂತಿದ್ದರು. ಯಾವ ಜಾಗ ಎಂದು ಕೇಳಿದರು. ಬೇವಿನ ಮರದ ತೆಂಕಣಕ್ಕೆ ಎಂದೆ. ಅವರು ಕಡಲೆ ಕೆಳಗಿಟ್ಟು, ಮರದಿಂದ ಹನ್ನೊಂದು ಹೆಜ್ಜಿಗೆ ನಮ್ಮ ಹಗೇವು ಐತಿ, ಅದರ ಮ್ಯಾಲೆ ಬಂಡಿ ಹಾಯಿಸ್ತಿದ್ದಿಲ್ಲ ನಾವು ಅಂತ ಹೇಳಿದರು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ; ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ನಲವತ್ತು ವರ್ಷದ ಹಿಂದೆ ಬಾಯಿಗೆ ಕಲ್ಲು ಹೇರಿ, ಮೇಲೆ ನಾಲ್ಕು ಅಡಿ ಮಣ್ಣು ಎಳೆದು ಬಿಟ್ಟಿದ್ದರಂತೆ. ಅವರ ಮನೆತನದಲ್ಲಿ ಹಗೇವಿನ ಜಾಗವನ್ನು ಅತ್ತೆ ಸೊಸೆಗೆ ಮಾತ್ರ ಹೇಳುವ ರೂಢಿ. ಗಂಡಸರು ಕುಡಿದು ಬಾಯಿ ಬಿಡುತ್ತಾರೆಂದು ಅವರಿಗೆ ಹೇಳುತ್ತಿರಲಿಲ್ಲ. ಸೊಸೆ ಇವರಿಗಿಂತ ಮೊದಲೇ ತೀರಿಕೊಂಡಿದ್ದರು. ಮಗಗ ಹೇಳಬ್ಯಾಡ ಬೇ, ಬಂಗಾರ ಐತಿ ಅಂತ ಅಗದು ಜಾಗಾ ಹಾಳು ಮಾಡ್ತಾನ, ನೀ ತಿಳದಾಕಿ, ನಿನಗಷ್ಟ ಗೊತ್ತಿರಲಿ ಅಂತ ಅಂದು ನನ್ನ ಕೈ ಮುಟ್ಟಿ ಆಣೆ ಹಾಕಿಸಿಕೊಂಡರು. ಗೌರಕ್ಕ ಇದೇ ಮೇ 19ಕ್ಕೆ ತೀರಿಕೊಂಡರು. ಈ ಮಾತಿಗೆ ನಾನಲ್ಲದೆ ಬೇರೆ ಸಾಕ್ಷಿ ಇಲ್ಲ.

ಆಣೆಗಾಗಿ ನಾನು ಸುಮ್ಮನಿದ್ದೆ ಎಂದು ಯಾರೂ ತಿಳಿಯಬಾರದು. ಮರುದಿನ ಜಾಗದ ದೃಢೀಕರಣ ನಮೂನೆ ತುಂಬುವಾಗ, ಹಳೆಯ ಬಾವಿ, ಹಗೇವು, ಹೊಂಡ ಇವೆಯೇ ಎಂಬ ಏಳನೆಯ ಕಲಮಿನಲ್ಲಿ ನನ್ನ ಕೈಯಾರೆ ‘ಇಲ್ಲ’ ಎಂದು ಬರೆದೆ. ‘ಇದೆ’ ಎಂದಿದ್ದರೆ ಜಾಗ ತಿರಸ್ಕೃತವಾಗುತ್ತಿತ್ತು, ಬೇರೆ ಜಾಗ ಹುಡುಕುವುದರಲ್ಲಿ ಮಾರ್ಚ್ ಮುಗಿಯುತ್ತಿತ್ತು, ಗರಸು ಬರುತ್ತಿತ್ತು. ನಲವತ್ತು ವರ್ಷ ತಡೆದ ಕಲ್ಲು ಇನ್ನೂ ತಡೆದೀತು ಎಂದುಕೊಂಡೆ.

ಹಾರೂನ್ ಮಾರ್ಚ್ 5ಕ್ಕೆ ಕೆಲಸ ಹಿಡಿದರು. ರಂಜಾನ್ ತಿಂಗಳು. ರೋಜಾ ಹಿಡಿದು, ಹನಿ ನೀರು ಮುಟ್ಟದೆ, ಬಿಸಿಲಲ್ಲಿ ಎರೆಮಣ್ಣನ್ನು ಪೂರಾ ಎರಡು ಅಡಿ ತೆಗೆಸಿದರು. ಅಳತೆಯ ಕೋಲು ನಾನೇ ಇಟ್ಟು ನೋಡಿದ್ದೇನೆ. ಒಂದು ಅಡಿಯಷ್ಟೇ ಅಗೆದು ಮುಚ್ಚಿದ ಎಂದು ಈರಬಸಪ್ಪನವರು ದೂರಿನಲ್ಲಿ ಬರೆಸಿದ್ದು ಸುಳ್ಳು. ಗರಸು, ಅದರ ಮೇಲೆ ಖಡಿ ಜಲ್ಲಿ ಹಾಕಿ, ದಿನಾಂಕ 12-03-2025 ರಂದು ಮಧ್ಯಾಹ್ನ 3-15ಕ್ಕೆ ರೋಲರ್ ಹೊಡೆಸುವಾಗ ಅವರು ನನ್ನನ್ನು ಕರೆದು, ಮೇಡಮ್ಮರ, ಇಲ್ಲಿ ಸಪ್ಪಳ ಟೊಳ್ಳು ಬರಾಕತ್ತೇತ್ರಿ, ನಾಕ ದಿನ ಕೊಡ್ರಿ, ಅಗದು ನೋಡಿಬಿಡ್ತೀನಿ ಅಂತ ಅಂದರು. ಬೇವಿನ ಮರದಿಂದ ಆ ಜಾಗ ಹನ್ನೊಂದು ಹೆಜ್ಜೆ. ನಾನು ಬೇರೆಡೆ ನೋಡುತ್ತ, ಹಳೆಯ ಬೇರು ಕೊಳೆತ ಜಾಗ ಇರಬೇಕು, ದಿನವಿಲ್ಲ, ಮುಂದುವರಿಸಿ ಎಂದೆ. ಅವರು, ನೀವು ಓದಿದವ್ರು, ನೀವು ಅಂದ್ರ ಆತ್ರಿ ಅಂತ ಹೇಳಿ ಅಲ್ಲಿ ರೋಲರನ್ನು ಎರಡು ಸಲ ಹೆಚ್ಚಿಗೆ ಹೊಡೆಸಿದರು.

ಮಾರ್ಚ್ 24ಕ್ಕೆ ಕೆಲಸ ಮುಗಿಯಿತು. ಏಪ್ರಿಲ್, ಮೇ ಎರಡು ತಿಂಗಳು ತಬಸುಮ್ ದಿನಾ ಸಾಯಂಕಾಲ ಬಂದಳು. ಇತರ ಮಕ್ಕಳು ಅವಳ ಕುರ್ಚಿಯನ್ನು ಮುಟ್ಟಾಟದಲ್ಲಿ ಹಿಡಿಯಲಾರದೆ, ಗಾಲಿ ಇದ್ದಾಕಿ ಮೋಸ ಮಾಡ್ತಾಳ ಅಂತ ಜಗಳಾಡುತ್ತಿದ್ದರು.

ದಿನಾಂಕ 07-08-2025 ಗುರುವಾರ ಹಳ್ಳ ಏರಿ ಉದ್ಯಾನದಲ್ಲಿ ನಾಲ್ಕು ಅಡಿ ನೀರು ನಿಂತಿತು. 9ರ ಬೆಳಿಗ್ಗೆ ಇಳಿಯಿತು. 10ನೇ ತಾರೀಖು ರವಿವಾರ ಬೆಳಿಗ್ಗೆ 8 ಗಂಟೆಗೆ ಕೆಸರು ತೊಳೆಸಿದೆವು. ಹಾಸು ಒಂದು ಕಡೆಯೂ ಎದ್ದಿರಲಿಲ್ಲ. ಈರಬಸಪ್ಪನವರೂ, ಗಟ್ಟಿ ಮಾಡ್ಯಾನ ಬಿಡ್ರಿ ಹಾರೂನ್ ಅಂತ ಅಂದರು. ಎಲ್ಲರೂ ಹೋದ ಮೇಲೆ ನಾನು ಮರದಿಂದ ಹನ್ನೊಂದು ಹೆಜ್ಜೆ ಎಣಿಸಿ ನೋಡಿದೆ. ಅಲ್ಲಿ ಎರಡು ಬೆರಳು ತಗ್ಗು ಇತ್ತು. ಕಾಲಿಟ್ಟರೆ ಬೇರೆ ಕಡೆಗಿಂತ ಮೆತ್ತಗಿತ್ತು. ಅಲ್ಲಿಂದ ಮನೆಗೆ ಹೋದೆ.

ಅದೇ ದಿನ ಸಾಯಂಕಾಲ 5 ಗಂಟೆಗೆ ಒಂದು ಪತ್ರಿಕೆಯ ಫೋಟೋದವರು, ನೆರೆಗೂ ಹಾಳಾಗದ ಅಂಗಳ ಎಂದು ಸುದ್ದಿ ಮಾಡಲು ಬಂದರು. ಗಾಲಿಕುರ್ಚಿಯ ಹುಡುಗಿ ಇದ್ದರೆ ಒಳ್ಳೆಯದು ಎಂದರು. ಫೋನ್ ಮಾಡಿ ಅವಳನ್ನು ಕರೆಸಿದವಳು ನಾನು. ಹಾರೂನ್ ಅವಳನ್ನು ಕರೆತಂದರು. ಎರಡು ಫೋಟೋ ಆದವು. ಮುಖಕ್ಕೆ ಬಿಸಿಲು ಹೊಡೆಯುತ್ತದೆ, ಮರದ ಕಡೆ ಸರಿಯಲಿ ಎಂದು ಫೋಟೋದವರು ಹೇಳಿದರು. ತಬಸುಮ್ ಆ ತಗ್ಗಿನ ಕಡೆ ಕೈ ತೋರಿಸಿ, ಎಲ್ಲಿ, ಇಲ್ಲೇನ್ರಿ ಮೇಡಮ್ ಅಂತ ನನ್ನನ್ನೇ ಕೇಳಿದಳು. ಬೇಡ ಎಂದರೆ ಯಾಕೆ ಎಂದು ಹತ್ತು ಜನ ಕೇಳುತ್ತಾರೆ ಎಂದು ನನಗೆ ಹೊಳೆಯಿತು. ಅಷ್ಟು ಯೋಚಿಸಲು ನನಗೆ ಸಮಯವಿತ್ತು. ಹೌದು ಎಂದು ತಲೆ ಆಡಿಸಿದೆ.

5-22ಕ್ಕೆ ಹಿಂದಿನ ಗಾಲಿ ಇಳಿಯಿತು. ಹಾಸು ಹರಿದು ಕುರ್ಚಿ ಹಿಂದಕ್ಕೆ ಮಗುಚಿ ಒಳಗೆ ಹೋಯಿತು. ನೆರೆಯ ನೀರು ಬಾಯಿಯ ಕಲ್ಲನ್ನು ಜರುಗಿಸಿ, ಮಣ್ಣನ್ನೆಲ್ಲ ಒಳಗೆ ಎಳೆದುಕೊಂಡಿತ್ತು. ಮೇಲೆ ಉಳಿದದ್ದು ರಬ್ಬರಿನ ಚರ್ಮ ಅಷ್ಟೆ. ಹಗೇವಿನ ಆಳ ಹನ್ನೊಂದು ಅಡಿ, ಒಳಗೆ ಸೊಂಟಮಟ ರಾಡಿ. ಹಾರೂನ್ ಹಾರಲು ಹೋದರು. ಫೋಟೋ ನೋಡಲು ಬಂದಿದ್ದ ಈರಬಸಪ್ಪನವರು ಅವರನ್ನು ನಡುವಿಗೆ ಕೈ ಹಾಕಿ ಹಿಡಿದು, ಲೇ, ಹಗೇವು ಅದು, ಕಂದೀಲ ಬಿಟ್ಟು ನೋಡೂಣು ಮೊದಲ ಅಂತ ಅಂದರು. ಹಗೇವಿನೊಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಸದೆ ಯಾರೂ ಇಳಿಯುವುದಿಲ್ಲ. 5-27ಕ್ಕೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ಆರು ಅಡಿಗೆ ಆರಿತು. ಮೂರು ಜನ ಹಾರೂನ್ ಅವರ ಮೇಲೆ ಕೂತರು. ಮೊದಲ ನಾಲ್ಕು ನಿಮಿಷ ಒಳಗಿನಿಂದ ಅವಳು ತಂದೆಯನ್ನು ಕರೆಯುವುದು ಕೇಳುತ್ತಿತ್ತು. ಆಮೇಲೆ ಹಾರೂನ್ ಅವರ ದನಿ ಮಾತ್ರ. ಕಂಬಳಿ ಇಳಿಸಿ ಎತ್ತಿ ಗಾಳಿ ಆಡಿಸಿ, 5-41ಕ್ಕೆ ಮತ್ತೆ ಬಿಟ್ಟಾಗ ಕಂದೀಲು ನಿಂತಿತು. ಆಗ ಅವರನ್ನು ಬಿಟ್ಟರು. 5-49ಕ್ಕೆ ಅವರೇ ಮಗಳನ್ನು ಎತ್ತಿ ತಂದರು. ಬಿಟ್ಟಿದ್ದರೆ ಹಾರೂನ್ ಅವರೂ ಸಾಯುತ್ತಿದ್ದರು ಎಂಬುದು ನಿಜ. ಇದನ್ನೂ ಈರಬಸಪ್ಪನವರ ಪರವಾಗಿ ಬರೆದುಕೊಳ್ಳಬೇಕು.

ಟೊಳ್ಳು ಸಪ್ಪಳ ಕೇಳಿಯೂ ಹಾರೂನ್ ಮುಚ್ಚಿಟ್ಟ ಎಂದೂ ಸೇರಿಸಿ 11ರ ರಾತ್ರಿ ಈರಬಸಪ್ಪನವರು ದೂರು ಕೊಟ್ಟರು. ರೋಲರಿನವನಿಂದ ಆ ಮಾತು ಹೊರಬಿದ್ದಿತ್ತು. ದಫನಾದ ಮರುದಿನ ಅವರನ್ನು ಕರೆತಂದರು. ನಿನ್ನೆ ಸಾಯಂಕಾಲ 6 ಗಂಟೆಗೆ ತಬಸುಮ್‌ಳ ತಾಯಿ ಮಲಿಕಾಬಿ ನಮ್ಮ ಮನೆಗೆ ಬಂದಿದ್ದರು. ಮಗಳು ಓದಲು ಒಯ್ದಿದ್ದ ಗ್ರಂಥಾಲಯದ ಪುಸ್ತಕವನ್ನು ಒರೆಸಿ ತಂದಿದ್ದರು. ಊರಾಗ ನೀವೊಬ್ರ ಆಕಿ ಸಲುವಾಗಿ ಬಡದಾಡಿದವ್ರು, ನಿಮಗ ಕೇಳೇ ಕೆಲಸಾ ಮುಂದ ನಡಸೀನಿ ಅಂತ ಇವ್ರು ನನ್ನ ಮುಂದ ಹೇಳ್ಯಾರ್ರಿ, ಆದ್ರ ಠಾಣ್ಯಾಗ ನಿಮ್ಮ ಹೆಸರು ತಗಿಯೂದಿಲ್ಲಂತ, ಹೆಣ್ಮಗಳನ್ನ ಇದರಾಗ ಎಳಿಬಾರ್ದು ಅಂತಾರ, ನೀವ ಬಂದು ಎರಡು ಚಲೋ ಮಾತು ಹೇಳ್ರಿ ಅಂತ ಅಂದರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ.

ಇವತ್ತು ನಾನು ಒಳಗೆ ಬಂದಾಗ ಹಾರೂನ್ ಗೋಡೆಯ ಬಾಜು ಬೆಂಚಿನ ಮೇಲೆ ಇದ್ದರು. ನನ್ನನ್ನು ಕಂಡು ಎದ್ದು ಜಾಗ ಬಿಟ್ಟರು. ಖಡಿ ನಾ ಬರೋಬ್ಬರಿ ಹಾಕಿದ್ನಲ್ರಿ ಮೇಡಮ್ಮರ, ನೀವು ನೋಡಿದ್ರೆಲ್ಲಾ, ಎಲ್ಲಿ ತಪ್ಪಿತು ನನ್ನ ಕೈ ಅಂತ ಕೇಳಿದರು. ಅವರಿಗೆ ತಮ್ಮ ಕೈಯ ಮೇಲೆಯೇ ಸಂಶಯ ಬಂದಿದೆ. ಅವರು ಕೆಲಸ ಸರಿಯಾಗಿ ಮಾಡಿದ್ದರು. ಈ ಹೇಳಿಕೆಯನ್ನು ಅವರಿಗೂ ಓದಿ ಹೇಳಬೇಕೆಂದು, ಅಷ್ಟು ಹೊತ್ತು ನನ್ನನ್ನು ಅದೇ ಕೋಣೆಯಲ್ಲಿ ಇರಿಸಬೇಕೆಂದು ಕೇಳಿಕೊಂಡಿದ್ದೇನೆ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಒತ್ತಾಯದಿಂದ ಹೇಳಿದ್ದು ಯಾವುದೂ ಇಲ್ಲ. ನನಗೆ ಓದಿ ಹೇಳಲಾಗಿ, ಒಂದು ಕಡೆ ಹೊರತು ಉಳಿದದ್ದು ಬರೋಬ್ಬರಿ ಇದೆ. ಏಳನೆಯ ಕಲಮಿನ ವಿಷಯದಲ್ಲಿ ಬರೆದುಕೊಂಡವರು ‘ಹಗೇವಿನ ಸಂಗತಿ ನಮೂದಿಸಲು ಮರೆತಿದ್ದು’ ಎಂದು ನನ್ನ ಮೇಲಿನ ಕರುಣೆಯಿಂದ ಬರೆದಿದ್ದರು. ಅದನ್ನು ಹೊಡೆಸಿ, ನಾನು ಹೇಳಿದ್ದನ್ನೇ ಬರೆಸಿ, ತಿದ್ದಿದ ಜಾಗದಲ್ಲಿ ಬೇರೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 13-08-2025, ಮಧ್ಯಾಹ್ನ 1-40

ಸಹಿ/-
ಶಾಂಭವಿ ಸಿ. ಹೆಬಸೂರ