ಜಾವಾದ ಜಾಗ ನೋಡಿ ಬಂದವನು

"ನೀ ಗಂಡಸಲ್ಲ ಬಿಡೋ, ಪ್ರಸಾದ." ನೆದರ್ಲೆಂಡ್ಸಿನ ಹೂಫ್‌ಡಾರ್ಪಿನಲ್ಲಿ ಬಸ್ಸಿಗೆ ನಿಂತ ಸಾಲಿಗೆಲ್ಲ ಕೇಳುವಂತೆ ಹಿರಿಯನೊಬ್ಬ ಪಕ್ಕದ ಹುಡುಗನಿಗೆ ಅಂದ. ಆ ಕನ್ನಡ ಅರ್ಥವಾದದ್ದು, ಗೋದಾಮಿನ ಪಾಳಿ ಮುಗಿಸಿ ಬಂದು ಅವರಿಬ್ಬರ ಹಿಂದೆ ನಿಂತಿದ್ದ ನನಗೊಬ್ಬನಿಗೆ.

"ಮೆಲ್ಲಗ ಮಾತಾಡ್ರಿ, ಮಾಮಾ."

"ಜಾವಾದ ಹಳ್ಳ್ಯಾಗ ವಿಲ್ಲಾ ಕಟ್ಟಾಕ ಜಾಗ ನೋಡಿ ಬಾ ಅಂದ್ರ, ಸಹಿ ಮಾಡದ ಬಂದಿ."

"ಜಾಹೀರಾತಿನ್ಯಾಗ ಖಾಲಿ ಜಾಗ ಅಂತಿತ್ರಿ. ಅಲ್ಲಿ ಭತ್ತ ನಿಂತಿತ್ತು. ಹೊಲ ಪಾಲಿಗೆ ಮಾಡೂ ಮುದುಕಿ, ಪ್ರವಾಸಕ್ಕ ಬಂದಾನ ಅಂದ್ಕೊಂಡು, ಚಾಪಿ ಹಾಸಿ ಉಣ್ಣಾಕ ನೀಡಿದ್ಲು."

"ಉಂಡು ಸಹಿ ಮಾಡಬೇಕಿತ್ತು."

ಆ ಹಿರಿಯನ ಕೊರಳಪಟ್ಟಿ ಹಿಡಿಯಬೇಕೆನಿಸಿತು ನನಗೆ.

"ಮಾಲಕ ಹೊಲ ಮಾರಾಕತ್ತಾನಂತ ಆಕಿಗೆ ಗೊತ್ತ ಇರಲಿಲ್ರಿ."

"ಮತ್ತ ನೀ ಆಕಿಗೆ ಹೇಳಿದೇನು?"

ಅಷ್ಟರಲ್ಲಿ ಬಸ್ಸು ಬಂತು. ಪ್ರಸಾದ ಹತ್ತಲಿಲ್ಲ. ಸೈಕಲ್ ದಾರಿಗುಂಟ ತಲೆ ತಗ್ಗಿಸಿ ನಡೆದುಹೋದ.