ಬಿಡಿ ಬಿಡಿ ಪದಗಳು

ನರೀನ್ ಪಟ್ಟಣದ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಸಾಯ್ರಾಗುಲ್‌ಗೆ ಪಕ್ಕದ ಬೆಂಚಿನ ಮಾತು ಕೇಳಿಸುತ್ತಿತ್ತು. ಒಬ್ಬಳು ಹುಡುಗಿ, ಇನ್ನೊಬ್ಬಳು ಅವಳ ಸೋದರತ್ತೆ. ಹುಡುಗಿಯ ತಾಯಿ ಲಕ್ವ ಹೊಡೆದು ಒಳಗಿದ್ದಳು.

"ಅಮ್ಮಂಗೆ ಪದ ಎಲ್ಲಾ ಬರ್ತವೆ ಅತ್ತೆ, ಜೋಡಿಸೋಕೆ ಬರಲ್ಲ. 'ಚಹಾ, ನಾನು, ಒಲೆ' ಅಂತಾಳೆ. ಯಾರು ಏನು ಮಾಡ್ಬೇಕೋ ಗೊತ್ತಾಗಲ್ಲ."

"ಸರಿಹೋಗುತ್ತೆ. ಡಾಕ್ಟರ್ ಏನಂದ್ರು?"

"ತೋಳ ಕುರಿ ಹಿಡಿಯೋ ಚಿತ್ರ ತೋರಿಸಿ, ಏನಾಗ್ತಿದೆ ಅಂತ ಕೇಳಿದ್ರು. 'ಕುರಿ' ಅಂದು ಬಾಯಿ ಮುಚ್ಕೊಂಡ್ಲು."

ಅತ್ತೆ ನಕ್ಕಳು.

"ಪೆದ್ದಿ, ನಿನ್ನ ದೊಡ್ಡಪ್ಪನ ಹೆಸರಲ್ಲೇ ತೋಳ ಇದೆ. ಗಂಡನ ಅಣ್ಣನ ಹೆಸರು ಸೊಸೆ ಎತ್ತುತ್ತಾಳಾ? ಮದುವೆ ಆದಾಗಿಂದ ಅವಳ ಬಾಯಲ್ಲಿ ತೋಳ ಬರೀ 'ಊಳಿಡೋನು'."

"ನಾನೂ ಅದನ್ನೇ ಹೇಳ್ದೆ. ಅವರು ಚಿತ್ರ ಬದಲಾಯಿಸಿದ್ರು. 'ಕತ್ತೆ ಕುದುರೆಗೆ ಒದೀತು. ಪೆಟ್ಟು ತಿಂದಿದ್ದು ಯಾವುದು, ಬೆರಳಿಡಿ' ಅಂದ್ರು."

"ಇಟ್ಟಳಲ್ಲ?"

"ಕತ್ತೆ ಮೇಲೆ. ಕುದುರೆ ಕತ್ತೆಗೆ ಒದೀತು ಅಂತ ತಿರುಗಿಸಿ ಕೇಳಿದ್ರೂ ಅಲ್ಲೇ ಇಟ್ಲು. ಎರಡೂ ಒಂದೇ ಅವಳಿಗೆ."

ಅತ್ತೆಯ ನಗು ನಿಂತಿತು.

"ಕುದುರೆ ಮೇಲೇ ಬೆಳೆದೋಳು."

"ನಂಗೆ ಭಯ ಆಗ್ತಿದೆ ಅತ್ತೆ. ಬೆಳಿಗ್ಗೆ, 'ನಿನ್ನ ಬಿಟ್ಟು ಹೋಗಲ್ಲಮ್ಮ' ಅಂದೆ. ಗೋಡೆ ಕಡೆ ತಿರುಗಿ ಅತ್ಲು."

"ಯಾಕೆ?"

"'ಬಿಟ್ಟು', 'ಹೋಗು'. ಅವಳಿಗೆ ಅಷ್ಟೇ ಕೇಳಿಸ್ತೇನೋ."

ಬಾಗಿಲು ತೆರೆದು ನರ್ಸ್ ಕರೆದಳು. ಇಬ್ಬರೂ ಎದ್ದರು.

"ಏನಂತ ಹೇಳ್ಲಿ ಅವಳಿಗೆ?"

"ಏನೂ ಹೇಳ್ಬೇಡ. ಹೋಗಿ ಪಕ್ಕದಲ್ಲಿ ಕೂತ್ಕೋ. ಏಳ್ಬೇಡ."