ಮೆಲ್ಕಾರಿನಲ್ಲಿ ಇಳಿದ ಪೆಟ್ಟಿಗೆ

ಹೆಸರು: ಅಬ್ದುಲ್ ರಹಿಮಾನ್, ತಂದೆ: ದಿವಂಗತ ಇಬ್ರಾಹಿಂ ಬ್ಯಾರಿ, ಪ್ರಾಯ: 63 ವರ್ಷ, ವಿದ್ಯಾಭ್ಯಾಸ: ನಾಲ್ಕನೇ ತರಗತಿ, ವೃತ್ತಿ: ಬಿ.ಸಿ.ರೋಡ್ ಬಸ್ ನಿಲ್ದಾಣದ ಬದಿಯಲ್ಲಿ ಬಾಳೆಹಣ್ಣು ಮತ್ತು ಬೀಡಿ ಅಂಗಡಿ, ವಾಸ: ಪಾಣೆಮಂಗಳೂರು, ಬಂಟ್ವಾಳ ತಾಲೂಕು.

ಮೇಲ್ಕಂಡ ವಿಳಾಸದವನಾದ ನಾನು ಈ ದಿನ ಠಾಣೆಗೆ ಹಾಜರಾಗಿ ಠಾಣಾಧಿಕಾರಿಯವರ ಮುಂದೆ ಹೇಳಿ ಬರೆಸುವುದೇನೆಂದರೆ, ಬೆಳ್ತಂಗಡಿ, ವಿಟ್ಲ, ಮೂಡುಬಿದಿರೆ ಕಡೆಯ ಬಸ್ಸುಗಳಲ್ಲಿ ಜನರು ಕಳುಹಿಸುವ ಸಾಮಾನುಗಳನ್ನು ನನ್ನ ಅಂಗಡಿಯಲ್ಲಿ ಇಳಿಸಿ, ಮುಂದಿನ ಬಸ್ಸಿಗೆ ಹಾಕುವ ಕ್ರಮ ಮೊದಲಿನಿಂದಲೂ ಉಂಟು. ಔಷಧ, ಟೈಲರ್ ಹೊಲಿದ ಬಟ್ಟೆ, ಮದುವೆ ಕಾಗದ, ರಿಪೇರಿಯಾದ ಮಿಕ್ಸಿ, ಹೀಗೆ. ಇದಕ್ಕೆ ರಶೀದಿ ಎಂಬುದಿಲ್ಲ. ಕಳುಹಿಸುವವರು ಕಂಡಕ್ಟರಿಗೆ ಬಾಯಲ್ಲಿ ಹೇಳುತ್ತಾರೆ, ಕಂಡಕ್ಟರ್ ನನಗೆ ಹೇಳುತ್ತಾನೆ. ನಾನು ಇಲ್ಲದಿದ್ದರೆ ಅಂಗಡಿಯ ಎದುರಿನ ಬೆಂಚಿನ ಮೇಲೆ ಇಟ್ಟು ಹೋಗುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ.

ಕಳೆದ ಜನವರಿಯಲ್ಲಿ ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗರು ನನ್ನ ಅಂಗಡಿಗೆ ಬಂದರು. ಒಬ್ಬ ಮೆಲ್ಕಾರಿನ ನಿಝಾರ್, ಇನ್ನೊಬ್ಬ ಬೆಳ್ತಂಗಡಿಯ ಭವಿತ್. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಸ್ಪರ್ಧೆ ಉಂಟೆಂದೂ, ತಂತ್ರಜ್ಞಾನದಿಂದ ಹೊಸ ವ್ಯಾಪಾರ ಹೇಗೆ ಮಾಡಬಹುದೆಂದು ಅಲ್ಲಿ ತೋರಿಸಬೇಕೆಂದೂ, ತಾವು ಬಸ್ಸಿನ ಪಾರ್ಸೆಲಿನ ಮೇಲೆ ಮಾಡುತ್ತೇವೆಂದೂ ಹೇಳಿದರು. ಪ್ರತಿ ಸಾಮಾನಿಗೆ ಒಂದು ನಂಬರು, ಹೆಸರು ಗಿಸರು ಏನೂ ಇಲ್ಲ. ಸಾಮಾನು ನಿಲ್ದಾಣಕ್ಕೆ ಮುಟ್ಟಿದಾಗ ಅಲ್ಲಿನವರು ಒಂದು ಮಿಸ್ ಕಾಲ್ ಕೊಟ್ಟರೆ ಸಾಕು, ಅದು ಎಲ್ಲಿಯವರೆಗೆ ಬಂತೆಂದು ಕಂಪ್ಯೂಟರ್ ತೋರಿಸುತ್ತದೆ ಎಂದು ವಿವರಿಸಿದರು. ಇಷ್ಟು ವರ್ಷ ಕಂಪ್ಯೂಟರ್ ಇಲ್ಲದೆ ಯಾರ ಸಾಮಾನು ಕಾಣೆಯಾಗಿದೆ, ಒಂದು ಹೇಳು ನೋಡುವ ಎಂದು ನಾನು ಗದರಿಸಿದೆ. ಅದಕ್ಕೆ ಭವಿತನು, ಕಾಣೆಯಾಗಿಲ್ಲ ರಹಿಮಾನಾಕ, ಆದರೆ ಮುಟ್ಟಿತಾ ಇಲ್ಲವಾ ಅಂತ ಕಳಿಸಿದವರಿಗೆ ಗೊತ್ತಾಗುದಿಲ್ಲ ಅಲ್ವಾ, ನಮ್ಮ ಅಮ್ಮ ಒಂದು ಬಾಟ್ಲಿ ಉಪ್ಪಿನಕಾಯಿ ಕಳಿಸಿ ಎರಡು ದಿನ ನಿದ್ದೆ ಮಾಡುದಿಲ್ಲ ಎಂದ. ನನಗೆ ನಗು ಬಂತು. ಮಿಸ್ ಕಾಲ್ ಕೊಡಲು ಒಪ್ಪಿದೆ.

ಸ್ಪರ್ಧೆಯ ದಿನ ಇದನ್ನು ಮಾಡಿ ತೋರಿಸುವುದೆಂದು ಹುಡುಗರು ನಿಶ್ಚಯಿಸಿದ್ದರು. ಇದಕ್ಕಾಗಿ ಅವರು ತಯಾರಿಸಿದ ಯಂತ್ರವನ್ನೇ ಒಂದು ಪೆಟ್ಟಿಗೆಯಲ್ಲಿ ಹಾಕಿ ಭವಿತನು ಬೆಳ್ತಂಗಡಿಯಲ್ಲಿ ಬಸ್ಸಿಗೆ ಕೊಡುವುದು, ನಾನು ಬಿ.ಸಿ.ರೋಡಿನಲ್ಲಿ ಇಳಿಸಿ ಮೂಡುಬಿದಿರೆ ಬಸ್ಸಿಗೆ ಹಾಕುವುದು, ನಿಝಾರನು ಮೂಡುಬಿದಿರೆಯ ವೇದಿಕೆಯಲ್ಲಿ ಎಲ್ಲರ ಎದುರು ಅದನ್ನು ತೆಗೆದುಕೊಳ್ಳುವುದು ಎಂದು ಮಾತಾಗಿತ್ತು. ಮೊದಲು ಗುರುವಾರ ಎಂದಿತ್ತು. ಮುಖ್ಯ ಅತಿಥಿಗೆ ಪುರುಸೊತ್ತಿಲ್ಲ ಎಂದು ಶುಕ್ರವಾರಕ್ಕೆ ಹಾಕಿದರು. ಶುಕ್ರವಾರ ಮಧ್ಯಾಹ್ನ ನಾನು ಜುಮಾ ನಮಾಜಿಗೆ ಮಸೀದಿಯಲ್ಲಿರುತ್ತೇನೆ, ಬಸ್ಸು ಅದೇ ಹೊತ್ತಿಗೆ ಬರುವುದು ಎಂದು ನಾನು ಫೋನಿನಲ್ಲಿ ಹೇಳಿದಾಗ ನಿಝಾರನು, ಬೆಂಚಿನಲ್ಲಿ ಇಟ್ಟು ಹೋಗ್ತಾರಲ್ಲ ಕಾಕ, ನೀವು ಬಂದು ಮೂಡುಬಿದಿರೆ ಬಸ್ಸಿಗೆ ಹಾಕಿ ಎಂದ. ಆಯಿತು ಎಂದೆ.

ದಿನಾಂಕ 2-3-2007ರಂದು ಮಧ್ಯಾಹ್ನ ಸುಮಾರು 1.20ಕ್ಕೆ ನಾನು ಮಸೀದಿಯಿಂದ ಮರಳಿ ಬಂದಾಗ ಬೆಂಚಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಬೆಳ್ತಂಗಡಿ ಬಸ್ಸು ಬಂದು ವಿಟ್ಲಕ್ಕೆ ಹೋಗಿ ಆಗಿದೆ ಎಂದು ಪಕ್ಕದ ಹೂವಿನ ಅಂಗಡಿಯವರು ಹೇಳಿದರು. ಭವಿತನಿಗೆ ಫೋನು ಮಾಡಿದೆ. ತಾನೇ ಕಂಡಕ್ಟರ್ ಹುಕ್ರಪ್ಪನ ಕೈಗೆ ಕೊಟ್ಟಿದ್ದೇನೆ, ರಹಿಮಾನಾಕನಿಗೆ ಎಂದು ಹೇಳಿದ್ದೇನೆ ಎಂದ. ಹುಕ್ರಪ್ಪನ ಪಾಳಿ ವಿಟ್ಲದಲ್ಲಿ ಮುಗಿಯುತ್ತದೆ. ಅಲ್ಲಿಂದ ಒಳಗೆ ಅವನ ಊರು. ಅವನಲ್ಲಿ ಮೊಬೈಲ್ ಇಲ್ಲ. ನಾನು ಮಿಸ್ ಕಾಲ್ ಕೊಡಲಿಲ್ಲ. ಯಾವುದಕ್ಕೆಂದು ಕೊಡುವುದು?

ಮೂಡುಬಿದಿರೆಯಲ್ಲಿ ನಡೆದದ್ದನ್ನು ನಾನು ಕಂಡದ್ದಲ್ಲ, ನಿಝಾರನು ಹೇಳಿದ್ದು. ಅವನು ಖಾಲಿ ಮೇಜಿನ ಎದುರು ನಿಂತು ಮಾತಾಡಿದನಂತೆ. ತೀರ್ಪುಗಾರರು, ಸಾಮಾನು ಕಾಣೆಯಾದರೆ ನಿಮ್ಮ ವ್ಯವಸ್ಥೆಯಲ್ಲಿ ಜವಾಬ್ದಾರಿ ಯಾರದ್ದು ಎಂದು ಕೇಳಿದರಂತೆ. ಸಭೆಯಲ್ಲಿ ಯಾರೋ ನಕ್ಕರಂತೆ. ಅದೇ ದಿನ ಸಂಜೆ ಹುಡುಗರ ಉಪನ್ಯಾಸಕರು ಠಾಣೆಗೆ ಬಂದು ಕಂಡಕ್ಟರ್ ಯಂತ್ರವನ್ನು ಕದ್ದಿದ್ದಾನೆ ಎಂದು ದೂರು ಕೊಟ್ಟಿದ್ದಾರೆ.

ಈ ದಿನ ಬೆಳಿಗ್ಗೆ ಹುಕ್ರಪ್ಪನನ್ನು ಬಸ್ಸಿನಿಂದ ಇಳಿಸಿ ಠಾಣೆಗೆ ಕರೆದುಕೊಂಡು ಹೋದದ್ದನ್ನು ನೋಡಿ ನಾನು ಅಂಗಡಿ ಮುಚ್ಚಿ ಹಿಂದೆಯೇ ಬಂದೆ. ಇಬ್ಬರು ಹುಡುಗರೂ ಉಪನ್ಯಾಸಕರೂ ಅಲ್ಲಿದ್ದರು. ಹುಕ್ರಪ್ಪನು, ಕದ್ದಿಲ್ಲ, ಕೊಡುವಲ್ಲಿಗೆ ಕೊಟ್ಟಿದ್ದೇನೆ ಎಂದು ಮಾತ್ರ ಹೇಳುತ್ತಿದ್ದ. ಎಲ್ಲಿಗೆ ಎಂದರೆ ಬಾಯಿ ಬಿಡುವುದಿಲ್ಲ. ಇಂಥವರ ಕೈಗೆ ಬೆಲೆಬಾಳುವ ಸಾಮಾನು ಕೊಟ್ಟದ್ದೇ ತಪ್ಪು ಎಂದು ಉಪನ್ಯಾಸಕರು ಹೇಳಿದರು. ಇಂಥವರು ಎಂದರೆ ಎಂಥವರು ಮಾರಾಯ, ನಿಮ್ಮ ಹೆಂಡತಿಯ ಸೀರೆಗೆ ಫಾಲ್ಸ್ ಹಾಕಿದ್ದು ಯಾವ ವಿಮಾನದಲ್ಲಿ ಬರುವುದು ಎಂದು ನಾನು ಕೇಳಿದೆ. ನನ್ನ ಸ್ವರ ಜೋರಾದದ್ದು ಹೌದು. ಸ್ವರ ತಗ್ಗಿಸಬೇಕೆಂದು ಪೇದೆಯವರು ಹೇಳಿದ್ದೂ ಹೌದು. ಅಷ್ಟರಲ್ಲಿ ಬಸ್ಸಿನ ಧಣಿಗಳು ಠಾಣೆಗೆ ಫೋನು ಮಾಡಿ, ಸಂಜೆಯೊಳಗೆ ಪೆಟ್ಟಿಗೆ ಬಾರದಿದ್ದರೆ ಹುಕ್ರಪ್ಪ ನಾಳೆಯಿಂದ ಬಸ್ಸು ಹತ್ತುವುದು ಬೇಡ ಎಂದು ತಿಳಿಸಿದರು. ಹುಕ್ರಪ್ಪನಿಗೆ ಬೇರೆ ಕೆಲಸ ಬರುವುದಿಲ್ಲ. ಕಳ್ಳ ಎನ್ನಿಸಿಕೊಂಡವನನ್ನು ಬೇರೆ ಬಸ್ಸಿನವರೂ ಹತ್ತಿಸುವುದಿಲ್ಲ.

ನಾನು ಅವನ ಬಳಿ ಬೆಂಚಿನಲ್ಲಿ ಕುಳಿತೆ. ಆಗ ಅವನು ಸಣ್ಣ ಸ್ವರದಲ್ಲಿ ಹೇಳಿದ್ದೇನೆಂದರೆ, ಪೆಟ್ಟಿಗೆ ಹಾಲಿನ ಪುಡಿ ಬರುವಂಥ ಗಲ್ಫಿನ ರಟ್ಟಿನ ಪೆಟ್ಟಿಗೆ, ನೈಲಾನ್ ಹಗ್ಗ ಸುತ್ತಿದ್ದು. ಮೇಲೆ ಒಂದು ಚೀಟಿಯಲ್ಲಿ ನಂಬರು ಮಾತ್ರ ಇತ್ತು. ನಾಲ್ಕೂ ಬದಿಯಲ್ಲಿ ದಪ್ಪ ಕರಿ ಅಕ್ಷರದಲ್ಲಿ ಅಬ್ದುಲ್ ನಾಸಿರ್, ಮೆಲ್ಕಾರ್ ಎಂದು ಬರೆದಿತ್ತು. ಬಿ.ಸಿ.ರೋಡಿನಲ್ಲಿ ಬಸ್ಸು ನಿಂತಾಗ ನನ್ನ ಅಂಗಡಿಯಲ್ಲಿ ನಾನು ಇರಲಿಲ್ಲ. ರಹಿಮಾನಾಕ ಹೇಗೂ ಇದನ್ನು ಮೆಲ್ಕಾರಿಗೆ ಮುಟ್ಟಿಸಬೇಕು, ಬಸ್ಸು ಅದೇ ದಾರಿಯಲ್ಲಿ ಹೋಗುವುದು, ಮೂರು ಕಿಲೋಮೀಟರಿಗೆ ಅವರಿಗೆ ಯಾಕೆ ಕಷ್ಟ ಎಂದು ಅವನು ತಾನೇ ಮೆಲ್ಕಾರಿನಲ್ಲಿ ಇಳಿಸಿ, ಬಸ್ಸನ್ನು ನಿಲ್ಲಿಸಿಟ್ಟು, ನಾಸಿರನ ಮನೆಯ ಜಗಲಿಯವರೆಗೆ ಹೊತ್ತುಕೊಂಡು ಹೋಗಿ ಕೊಟ್ಟಿದ್ದ.

ನಾಸಿರ್ ಸೌದಿಯಲ್ಲಿರುವುದು. ಒಂದು ವರ್ಷದಿಂದ ಫೋನಿಲ್ಲ, ಕಾಗದವಿಲ್ಲ. ಅವನ ತಾಯಿ ರುಖಿಯಮ್ಮ ಮೆಲ್ಕಾರಿನ ಬಸ್ ಸ್ಟಾಪಿಗೆ ಬಂದು, ಊರಿಗೆ ಬಂದವರು ಯಾರಾದರೂ ನನಗೆ ಎಂತಾದರೂ ಕೊಟ್ಟಿದ್ದಾರಾ ಎಂದು ಪ್ರತಿಯೊಂದು ಬಸ್ಸಿನವರನ್ನು ಕೇಳುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಹಾಗಾದರೆ ಠಾಣೆಯಲ್ಲಿ ಇದನ್ನು ಹೇಳಲಿಕ್ಕೆ ಎಂತ ಧಾಡಿ ನಿನಗೆ ಎಂದು ನಾನು ಹುಕ್ರಪ್ಪನಿಗೆ ಬೈದೆ. ಅವನು, ಹೇಳಿದ್ರೆ ಜೀಪು ಹೋಗ್ತದೆ ರಹಿಮಾನಾಕ, ಮಗನ ಸುದ್ದಿ ಇಲ್ಲದ ಮನೆಯಂಗಳಕ್ಕೆ ಪೊಲೀಸರು ಇಳಿದ್ರೆ ಆ ಮುದುಕಿ ಎಂತ ಅಂತ ತಿಳೀಬೇಕು, ನೀವು ಹೋಗಿ ತನ್ನಿ ಎಂದ. ನಾನು ಮತ್ತೆ ಬೈಯಲಿಲ್ಲ.

ನಾನು ತಮ್ಮಲ್ಲಿ ಬಂದು, ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಾಗಿದೆ, ನಾನೇ ತರುತ್ತೇನೆ, ಜೀಪು ಬೇಡ ಎಂದು ಕೇಳಿಕೊಂಡೆ. ತಾವು ಒಪ್ಪಿದಿರಿ. ಭವಿತನು ಹುಕ್ರಪ್ಪನ ಬಳಿ ಕುಳಿತ. ನಿಝಾರನು ನನ್ನೊಂದಿಗೆ ಹೊರಟ. ರಿಕ್ಷಾದಲ್ಲಿ ಅವನು, ನಾನು ಭವಿತನಿಗೆ ಕೊಟ್ಟ ಪೆಟ್ಟಿಗೆ ನಮ್ಮ ಮನೆಯ ಅಟ್ಟದಲ್ಲಿದ್ದದ್ದು ಕಾಕ, ಅಕ್ಕನ ಮದುವೆಗೆ ಪಿಂಗಾಣಿ ಇಡಲು ನಾಸಿರನ ಮನೆಯಿಂದ ತಂದದ್ದು, ಹೆಸರು ಇದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ ಎಂದ. ಹೆಸರು ಗಿಸರು ಇಲ್ಲ ಎಂದು ನೀನೇ ಹೇಳಿದ್ದಲ್ಲವಾ ಎಂದೆ.

ಸುಮಾರು 11 ಗಂಟೆಗೆ ಮನೆ ತಲುಪಿದೆವು. ಪೆಟ್ಟಿಗೆ ಒಳಗಿನ ಕೋಣೆಯ ಮಂಚದ ಮೇಲೆ, ಬಿಳಿ ಬಟ್ಟೆ ಹೊದಿಸಿ, ಹಗ್ಗ ಬಿಚ್ಚದೆ ಇಟ್ಟಿತ್ತು. ಗಲ್ಫಿನಿಂದ ಬಂದ ಪೆಟ್ಟಿಗೆಯನ್ನು ಹೆಣ್ಣುಮಕ್ಕಳೆಲ್ಲ ಬಂದು ಸೇರುವವರೆಗೆ ಬಿಚ್ಚುವ ಕ್ರಮ ಆ ಮನೆಯಲ್ಲಿಲ್ಲ. ಮಗಳು ಆಸ್ಯಮ್ಮನಿಗೆ ಹೇಳಿ ಕಳುಹಿಸಿದ್ದರು, ಮಧ್ಯಾಹ್ನಕ್ಕೆ ಬರುವವಳಿದ್ದಳು. ಒಲೆಯ ಮೇಲೆ ಕೋಳಿ ಇತ್ತು. ರುಖಿಯಮ್ಮ ನನ್ನನ್ನು ಕಂಡು, ಬಾ ರಹಿಮಾನ್, ನಿನ್ನ ಮೂಗಿಗೆ ಮಸಾಲೆ ಅಷ್ಟು ದೂರಕ್ಕೆ ಬಡಿಯಿತಾ ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕಾಣದೆ ತುಂಬ ಸಮಯವಾಗಿತ್ತು. ಗಲ್ಫಿನಿಂದ ಪೆಟ್ಟಿಗೆ ತಂದವರು ಯಾರು, ಅವರಿಗೆ ನಾಸಿರ್ ಎಲ್ಲಿ ಸಿಕ್ಕಿದ್ದಂತೆ, ದಪ್ಪ ಆಗಿದ್ದಾನಂತಾ ಎಂದು ಒಂದರ ಹಿಂದೆ ಒಂದು ಕೇಳಿದರು. ನಾಸಿರನ ಹೆಂಡತಿ ಖದೀಜ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದಳು. ಇದು ಗಂಡ ಕಳಿಸಿದ್ದಲ್ಲವೆಂದು ಅವಳಿಗೆ ನಿನ್ನೆಯೇ ಗೊತ್ತಾಗಿದೆ ಎಂದು ನನಗೆ ಆಗ ತಿಳಿಯಿತು. ನಿಝಾರನ ಮನೆಗೆ ಹೋದ ಪೆಟ್ಟಿಗೆ ತಿರುಗಿ ಬಂದರೆ ಕೊಟ್ಟವಳಿಗೆ ಗುರುತು ಸಿಗದೆ ಇರುತ್ತದೆಯೇ. ಅತ್ತೆಗೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ಹೊರಗೆ ಕೇಳಿದ್ದಕ್ಕೆ, ಉಮ್ಮ ನಿನ್ನೆ ಎರಡು ಸಲ ಅನ್ನ ಹಾಕಿಸಿಕೊಂಡರು ಕಾಕ ಎಂದಳು.

ನನಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಇದು ನಾಸಿರ್ ಕಳಿಸಿದ್ದಲ್ಲ, ಪೆಟ್ಟಿಗೆ ಮಾತ್ರ ಅವನ ಹಳೆಯದ್ದು, ಒಳಗೆ ಇರುವುದು ಈ ಹುಡುಗನ ಕಾಲೇಜಿನ ಸಾಮಾನು, ಹುಕ್ರಪ್ಪ ಹೆಸರು ನೋಡಿ ತಂದುಕೊಟ್ಟದ್ದು, ಈಗ ಅವನನ್ನು ಕಳ್ಳ ಅಂತ ಠಾಣೆಯಲ್ಲಿ ಕೂರಿಸಿದ್ದಾರೆ ಎಂದು ಹೇಳಿದೆ. ರುಖಿಯಮ್ಮ ಹೋಗಿ ಒಲೆಯ ಮೇಲಿನ ಕೋಳಿಯ ಪಾತ್ರೆಯನ್ನು ಇಳಿಸಿದರು. ಮತ್ತೆ ಖದೀಜಳಿಗೆ, ಬಿಚ್ಚು, ಆ ಹುಕ್ರಪ್ಪ ಪಾಪದವ ಎಂದರು.

ಖದೀಜ ಹಗ್ಗವನ್ನು ಕತ್ತರಿಸದೆ ಗಂಟು ಗಂಟಾಗಿ ಬಿಚ್ಚಿದಳು. ಒಳಗೆ ವಯರುಗಳು, ಒಂದು ಮೊಬೈಲ್, ಬಲ್ಬುಗಳಿರುವ ಒಂದು ಹಲಗೆ ಇತ್ತು. ಇದು ಎಂತಕ್ಕೆ ಎಂದು ರುಖಿಯಮ್ಮ ಕೇಳಿದರು. ಕಳಿಸಿದ್ದು ಎಲ್ಲಿಗೆ ಮುಟ್ಟಿದೆ ಅಂತ ಹೇಳ್ತದೆ ಉಮ್ಮ ಎಂದು ನಿಝಾರ್ ಹೇಳಿದ. ಮನುಷ್ಯರದ್ದು ಹೇಳ್ತದಾ ಎಂದು ಅವರು ಕೇಳಿದರು. ಇಲ್ಲ ಎಂದ. ಮತ್ತೆ ಅವನು ಜಗಲಿಯಲ್ಲಿ ಕುಳಿತು ನಾಸಿರ್ ಕೆಲಸ ಮಾಡುವ ಕಂಪೆನಿಯ ಹೆಸರನ್ನೂ ಹಳೆಯ ಫೋನ್ ನಂಬರನ್ನೂ ಖದೀಜಳಲ್ಲಿ ಕೇಳಿ ಬರೆದುಕೊಂಡ. ಸಿಕ್ಕಿದರೆ ಸಿಕ್ಕಿತು.

ಯಂತ್ರವನ್ನು ಖದೀಜ ಕೊಟ್ಟ ಅಕ್ಕಿಯ ಚೀಲದಲ್ಲಿ ಹಾಕಿ ತಂದು ಈಗ ತಮ್ಮ ಮುಂದೆ ಹಾಜರುಪಡಿಸಿದ್ದೇನೆ. ಏನೂ ಒಡೆದಿಲ್ಲ ಎಂದು ಇಬ್ಬರು ಹುಡುಗರೂ ನೋಡಿ ಹೇಳಿದ್ದಾರೆ. ಸ್ಪರ್ಧೆ ಹೋದದ್ದು ಹೋಯಿತು. ಯಂತ್ರ ತಮ್ಮದಾದ್ದರಿಂದ ದೂರು ಬೇಡ ಎಂದು ಹುಡುಗರೇ ಬರೆದುಕೊಡುವುದಾಗಿ ತಿಳಿಸಿದ್ದಾರೆ. ಹುಕ್ರಪ್ಪನನ್ನು ಬಿಟ್ಟು ಕಳುಹಿಸಬೇಕೆಂದೂ, ಬಸ್ಸಿನ ಧಣಿಗಳಿಗೆ ಠಾಣೆಯಿಂದಲೇ ಒಂದು ಮಾತು ಹೇಳಬೇಕೆಂದೂ ಕೋರುತ್ತೇನೆ. ನನ್ನ ಮಾತನ್ನು ಅವರು ಕೇಳಲಿಕ್ಕಿಲ್ಲ, ಹಿಂದೆ ಅವರಿಗೂ ನಾನು ಬೈದದ್ದುಂಟು.

ದೂರಿನಲ್ಲಿ ಬರೆದಿರುವ ರಟ್ಟಿನ ಪೆಟ್ಟಿಗೆ ಎಲ್ಲಿ ಎಂದು ತಾವು ಕೇಳಿದ್ದೀರಿ. ಅದನ್ನು ತಂದಿಲ್ಲ. ನಾನು ಎತ್ತಿಕೊಳ್ಳಲು ಹೋದಾಗ ರುಖಿಯಮ್ಮ ಅದರ ಮೇಲೆ ಕೈ ಇಟ್ಟು, ಸಾಮಾನು ನಿಮ್ಮದು ತೆಕ್ಕೊಂಡು ಹೋಗಿ, ಇದರಲ್ಲಿ ನನ್ನ ಮಗನ ಕೈ ಅಕ್ಷರ ಉಂಟು ಎಂದರು. ಖಾಲಿ ಪೆಟ್ಟಿಗೆ ಈಗ ಅದೇ ಮಂಚದ ಮೇಲೆ ಇದೆ. ಕೇಸಿಗೆ ಅದು ಬೇಕೇ ಬೇಕು ಎಂದಾದರೆ ಬೇರೆ ಯಾರನ್ನಾದರೂ ಕಳುಹಿಸಬೇಕು. ಜೀಪಿನಲ್ಲಿ ಹೋಗಬಾರದು. ನಾನಂತೂ ಹೋಗುವುದಿಲ್ಲ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಬಿ.ಸಿ.ರೋಡ್
ದಿನಾಂಕ: 3-3-2007

(ಸಹಿ) ಅಬ್ದುಲ್ ರಹಿಮಾನ್